ಹದಿನೇಳನೇ ಮರದ ಆಯುಷ್ಯ

ಅರಸೀಕೆರೆಯ ತೆಂಗು ಆಯುಷ್ಯ ಅಧ್ಯಯನ ಘಟಕದ ನಿಯಮದಂತೆ, ಔಷಧಿ ಉಂಡ ಮರವು ತೊಂಬತ್ತನೇ ದಿನದ ಬೇರಿನ ಅಳತೆಗೆ ಮುಂಚೆ ಸಾಯತಕ್ಕದ್ದಲ್ಲ.

ಏಕಾಂತಯ್ಯನ ಹಿತ್ತಲಿನ ಹದಿನೇಳನೇ ಮರ ಈ ನಿಯಮ ಓದಿರಲಿಲ್ಲ. ನಲವತ್ತನೇ ದಿನಕ್ಕೇ ಸುಳಿ ಕೊಳೆತು, ಗರಿ ಉದುರಿ, ಅಡುಗೆಮನೆಯ ಮೇಲೆ ವಾಲಿಕೊಂಡಿತು. ಒಳಗೆ ಹೆಂಡತಿ ಅಣ್ಣಮ್ಮ ಮುದ್ದೆ ತಿರುವುತ್ತಿದ್ದಳು. ಕಡಿಯೋಣವೆಂದರೆ ಅಧ್ಯಯನದ ಮರ, ಅಪ್ಪಣೆ ಬೇಕು. ಏಕಾಂತಯ್ಯ ಘಟಕದ ಕಚೇರಿಗೆ ಓಡಿದ.

"ಮರ ಸತ್ತೈತೆ ಮೇಡಂ, ಕಡೀಲಾ?"

ಅಧಿಕಾರಿ ಮೇಘಶ್ರೀ ಗೋಡೆಯ ನಕ್ಷೆ ತೋರಿಸಿದರು. ಔಷಧಿಯಿಂದ ಬೇರಿಗೊಂದು ಬಾಣ, ಬೇರಿನಿಂದ ಆಯುಷ್ಯಕ್ಕೊಂದು, ಔಷಧಿಯಿಂದ ನೇರವಾಗಿ ಆಯುಷ್ಯಕ್ಕೆ ಇನ್ನೊಂದು.

"ನೋಡಿ ಯಜಮಾನ್ರೇ, ಔಷಧಿ ನೇರವಾಗಿ ಎಷ್ಟು ಆಯುಷ್ಯ ಕೊಡ್ತು, ಬೇರಿನ ಮೂಲಕ ಎಷ್ಟು ಕೊಡ್ತು ಅಂತ ಬಿಡಿಸಿ ನೋಡ್ಬೇಕು. ಬೇರು ಅಳೆಯೋಕೆ ಮುಂಚೆ ಸತ್ರೆ ಬರ್ಕೊಳ್ಳೋಕೆ ಕಾಲಂ ಇಲ್ಲ."

"ಔಷಧಿ ಉಂಡೇ ಸತ್ತಿದ್ದು ಕಣವ್ವಾ!"

"ಔಷಧಿಯಿಂದ ಸಾವಿಗೆ ಬಾಣ ಇಲ್ವಲ್ಲ. ಹೊಸ ಬಾಣಕ್ಕೆ ಮೇಲಿನಿಂದ ಮಂಜೂರಾತಿ ಆಗ್ಬೇಕು."

"ಅಡಿಗೆಮನೇಲಿ ನನ್ನ ಹೆಂಡ್ತಿ ಅವ್ಳೆ!"

ಮೇಘಶ್ರೀ ನಕ್ಷೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. "ಹೆಂಡ್ತಿ ಇಲ್ಲ," ಎಂದರು.

ಮರ ಜೀವಂತವಿರುವ ಬಗ್ಗೆ ದೃಢೀಕರಣ ಪತ್ರ ಕೊಟ್ಟು ಕಳಿಸಿದರು. ಮನೆಗೆ ಬಂದು "ಒಲೆ ಆಚೆ ಹಾಕೇ" ಎಂದು ಏಕಾಂತಯ್ಯ ಗೋಗರೆದ. ಅಣ್ಣಮ್ಮ ಪತ್ರದ ಮೊಹರು ನೋಡಿ, "ಮರ ಬದುಕೈತಂತಲ್ಲ, ಸುಮ್ಕಿರಿ" ಎಂದು ಸೊಪ್ಪು ಬಿಡಿಸಲು ಕೂತಳು.

ಎಂಬತ್ತೊಂಬತ್ತನೇ ದಿನ ಮರ ಬುಡಸಮೇತ ಬಿತ್ತು. ಅಡುಗೆಮನೆ ಹೋಯಿತು. ಅಣ್ಣಮ್ಮನ ಬಲಗೈ ಮುರಿಯಿತು. ದೇವರು ದೊಡ್ಡವನು, ಜೀವ ಉಳಿಯಿತು.

ಮಾರನೇ ದಿನ ಮೇಘಶ್ರೀ ಟೇಪು ಹಿಡಿದು ಬಂದರು. ಬೇರು ಮೇಲಕ್ಕೆದ್ದಿದ್ದರಿಂದ ಅಳತೆಗೆ ಬಹಳ ಅನುಕೂಲವಾಯಿತು. ನಲವತ್ತನೇ ದಿನಕ್ಕೇ ಸುಳಿ ಕೊಳೆತ ಮರಕ್ಕೆ ಔಷಧಿಯು ಬೇರಿನ ಮೂಲಕ ಐವತ್ತು ದಿನ ಹೆಚ್ಚಿನ ಆಯುಷ್ಯ ಕೊಟ್ಟಿದೆಯೆಂದು ವರದಿಯಾಯಿತು. ನಕ್ಷೆಯಲ್ಲಿ ಅಡುಗೆಮನೆಗೊಂದು, ಅಲ್ಲಿಂದ ಅಣ್ಣಮ್ಮನಿಗೊಂದು ಬಾಣ ಸೇರಿತು.

"ಇನ್ನು ಇವರೂ ಅಧ್ಯಯನದಲ್ಲಿದ್ದಾರೆ. ತೊಂಬತ್ತು ದಿನ ಸಾಯೋ ಹಾಗಿಲ್ಲ."

ಏಕಾಂತಯ್ಯನ ಕಣ್ಣು ತುಂಬಿಬಂತು. "ಈ ಮಾತ ಮೊದ್ಲೇ ಹೇಳಬಾರ್ದಿತ್ತಾ ತಾಯೀ! ಐವತ್ತು ದಿನ ನಿದ್ದೆಗೆಟ್ಟಿವ್ನಿ."

"ತೊಂಬತ್ತೊಂದನೇ ದಿನ?" ಅಣ್ಣಮ್ಮ ಕೇಳಿದಳು.

"ಅದಕ್ಕೆ ಕಾಲಂ ಇಲ್ಲಮ್ಮ."

ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಅಣ್ಣಮ್ಮ ಅಧ್ಯಯನದ ಒಪ್ಪಿಗೆ ಪತ್ರಕ್ಕೆ ಎಡಗೈಯಲ್ಲೇ ಸಹಿ ಮಾಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ತಮ್ಮಯ್ಯ, ಎಂಬತ್ತಾರು ವರ್ಷದವನು, ಕೋಲೂರಿಕೊಂಡು ಬಂದು, ತನ್ನ ಮನೆಯ ಮೇಲೂ ಒಂದು ಮರ ವಾಲಿದೆ, ತನಗೂ ಒಂದು ಬಾಣ ಬೇಕೆಂದು ಅರ್ಜಿ ಕೊಟ್ಟ.