ಅಂಗನವಾಡಿ ತಕ್ಕಡಿ, ಅತ್ತೆಯ ಬೆಳ್ಳಿ

ಅಂಗನವಾಡಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ ತಾಯಂದಿರು ಉಂಡು ಬರುತ್ತಾರೋ ಇಲ್ಲವೋ, ನಕ್ಕಂತೂ ಬರುತ್ತಾರೆ. ನನ್ನ ಮಗಳು ಈಗ ದೊಡ್ಡ ಸಾಲಿಗೆ ಹೋಗುತ್ತಾಳೆ, ನನಗೆ ಅಲ್ಲಿ ಕೆಲಸವಿಲ್ಲ. ಆದರೂ ಹುನಗುಂದದ ಸಂತೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಬಣ್ಣದ ಗೋಡೆ ಕಂಡರೆ ಒಬ್ಬಳೇ ನಗುತ್ತೇನೆ. ಪಕ್ಕದವರು ಸ್ವಲ್ಪ ಸರಿದು ಕೂಡುತ್ತಾರೆ.

ಬಯಕೆ

ನಾನು ಬಸುರಿಯಾದಾಗ ಅಂಗನವಾಡಿಯ ಅಕ್ಕೋರು ಮನೆಗೆ ಬಂದು, “ನಾಳಿಯಿಂದ ಮಧ್ಯಾಹ್ನದ ಊಟಕ್ಕ ಅಲ್ಲೇ ಬರಬೇಕವಾ. ಬಿಸಿ ಅನ್ನ, ಸಾರು, ತತ್ತಿ, ಹಾಲು ಎಲ್ಲಾ ಐತಿ” ಎಂದರು.

ಅತ್ತೆಗೆ ಸಿಟ್ಟು ಬಂತು. “ನಮ್ಮ ಮನ್ಯಾಗ ಒಲಿ ಹತ್ತೂದಿಲ್ಲೇನ್ರಿ? ಬಸುರ ಹೆಂಗಸು ಊಟಕ್ಕ ಓಣಿ ಹಿಡದು ಹೊಂಟ್ರ ಮಂದಿ ಏನಂದಾರು?”

“ಒಂದಿನ ನೀವೂ ಜೋಡಿ ಬಂದು ನೋಡ್ರಿ ಯಮ್ಮಾ.”

ಅತ್ತೆ ಬಂದರು. ನನ್ನ ಗಂಗಾಳದ ಸಾರು ನೆಕ್ಕಿ, “ಉಪ್ಪು ಕಡಿಮಿ” ಎಂದರು. ಮರುದಿನ ಉಪ್ಪು ಸರಿಹೋಗಿದೆಯೋ ಎಂದು ನೋಡಲು ಬಂದರು. ಮೂರನೆಯ ದಿನ ಮನೆಯಿಂದ ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡು ಬಂದರು. ಆಮೇಲೆ ದಿನಾ ಹನ್ನೆರಡಾಗುವುದೇ ತಡ, “ಏಳವಾ, ಅನ್ನ ಆರತೈತಿ” ಎಂದು ನನ್ನನ್ನೇ ಎಬ್ಬಿಸತೊಡಗಿದರು. ರುಚಿ ನೋಡುವುದರಲ್ಲೇ ನನ್ನ ಅರ್ಧ ಊಟ ಮುಗಿಯುತ್ತಿತ್ತು.

ಬಸುರಿ ನಾನು, ಬಯಕೆ ಅವರಿಗೆ.

ಹಿಟ್ಟು

ಮಗಳಿಗೆ ಆರು ತಿಂಗಳಾದ ಮೇಲೆ ಪೌಷ್ಟಿಕ ಹಿಟ್ಟಿನ ಪೊಟ್ಟಣ ಬರತೊಡಗಿತು. ಅದನ್ನು ಕೊಡುವ ಮುಂಚೆ ಅಕ್ಕೋರ ಫೋನಿಗೆ ತಾಯಿ ಮುಖ ತೋರಿಸಬೇಕು. ಪೊಟ್ಟಣ ಹೊರಲು ಜೊತೆಗೆ ಬಂದವರು ಮಾವ. ಮಾವನ ಮುಂದೆ ಮುಖದ ಮೇಲಿನ ಸೆರಗು ಸರಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಫೋನಿಗೆ ನನ್ನ ಮೂಗಿನ ತುದಿಯಷ್ಟೇ ಕಂಡಿತು.

“ಸೆರಗು ತಗಿಯವಾ, ಫೋನು ಗುರ್ತು ಹಿಡಿವಲ್ದು.”

“ಮಾವಾರು ನಿಂತಾರ್ರಿ.”

ಪಾಪ, ಮಾವ ಗೋಡೆಯ ಕಡೆ ಮುಖ ಮಾಡಿ, ಅದರ ಮೇಲೆ ಬರೆದಿದ್ದ ಬದನೆಕಾಯಿ ಚಿತ್ರ ನೋಡುತ್ತ ನಿಂತರು. ಆಗ ಫೋನು ಒಪ್ಪಿತು. ಮದುವೆಯಾಗಿ ಮೂರು ವರ್ಷವಾದರೂ ಮಾವ ನೋಡದ ಮುಖವನ್ನು ಸರ್ಕಾರ ನೋಡಿಬಿಟ್ಟಿತು!

ಇಷ್ಟು ಮಾಡಿ ತಂದ ಹಿಟ್ಟನ್ನು ಮಗಳು ಥೂ ಎಂದು ಉಗಿದಳು. ನಮ್ಮದು ಕುರಿ ಸಾಕುವ ಮನೆ. “ಚೆಲ್ಲಬ್ಯಾಡವಾ, ತಾ ಇಲ್ಲೆ” ಎಂದು ಮಾವ ಕುರಿ ಹೊಡೆದುಕೊಂಡು ಹೋಗುವ ಮೊದಲು ದಿನಾ ಹಾಲಲ್ಲಿ ಕಲಸಿ ಕುಡಿಯತೊಡಗಿದರು. ಮೂರೇ ತಿಂಗಳು. ಮಾವನ ಅಂಗಿಗೆ ಗುಂಡಿ ಹತ್ತದಾಯಿತು, ಮಗಳ ಅಂಗಿ ಹೆಗಲಿನಿಂದ ಜಾರತೊಡಗಿತು.

ಹಿಟ್ಟಿನ ಗುಣದಲ್ಲಿ ದೋಷವಿರಲಿಲ್ಲ, ಹೊಟ್ಟೆ ಬೇರೆಯಾಗಿತ್ತು ಅಷ್ಟೆ.

ತೂಕ

ನಕ್ಕೆನಾದರೂ ಒಳಗೆ ಹೆದರಿಕೆ ಇತ್ತು. ಮಗಳ ಪಕ್ಕೆಲುಬು ಎಣಿಸಲು ಬರುತ್ತಿದ್ದವು. ಅಕ್ಕೋರು ತೂಗಿ, ತೂಕದ ಪಟ್ಟಿಯಲ್ಲಿ ಹಸಿರಿನಿಂದ ಹಳದಿಗೆ ಇಳಿದ ಚುಕ್ಕೆ ತೋರಿಸಿದರು. “ಬರೂ ತಿಂಗಳ ತಾಲೂಕಿನ ಮೇಡಂ ತಪಾಸಣಿಗೆ ಬರ್ತಾರ. ಅವರ ಮುಂದನೂ ಹಳದಿ ಬಂದ್ರ ಇಕಿಗೆ ದಿನಾ ಹೆಚ್ಚಿಗಿ ಹಾಲು, ತತ್ತಿಗೆ ಹೆಸರು ಬರಿಸ್ತೇನಿ.”

ಅದನ್ನು ಮನೆಯಲ್ಲಿ ಹೇಳಿದ್ದೇ ನನ್ನ ತಪ್ಪು. ಅತ್ತೆ ಕೇಳಿಸಿಕೊಂಡದ್ದು ಅರ್ಧ: ಊರ ಹೆಂಗಸರ ಮುಂದೆ, ಹೊರಗಿನ ಮೇಡಂ ಎದುರು, ಮೊಮ್ಮಗಳ ತೂಕ!

ಮೇಡಂ ಬರುವ ದಿನ ನಾನು ನೀರು ತರಲು ಹೋಗಿದ್ದೆ. ಬರುವುದರೊಳಗೆ ಅತ್ತೆ ಮಗುವಿಗೆ ಬೆಳ್ಳಿ ಉಡದಾರ, ಕಾಲಿಗೆ ಕಡಗ, ಕೊರಳಿಗೆ ಎರಡು ತಾಯತ, ತಲೆಗೆ ಖಣದ ಕುಂಚಿಗೆ ಹಾಕಿ, ಹೊಟ್ಟೆ ಬಿರಿಯುವಂತೆ ಹಾಲು ಕುಡಿಸಿ, ತಾವೇ ಎತ್ತಿಕೊಂಡು ಹೋಗಿದ್ದರು. ನಾನು ಓಡುತ್ತ ಹೋಗಿ ಮುಟ್ಟಿದಾಗ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು. “ತಿಂಗಳೊಪ್ಪತ್ತಿನಾಗ ಹಸಿರಿಗೆ ಬಂದೈತಿ! ಏನು ತಿನ್ನಿಸಿದ್ರಿ? ಎಲ್ಲಾರಿಗೂ ಕೇಳೂವಂಗ ಹೇಳ್ರಿ.”

“ಬೆಳ್ಳಿ ತಿನ್ನಿಸೇವ್ರಿ” ಎಂದೆ.

ಅತ್ತೆಯ ಕಣ್ಣು ಕೆಂಪಾದವು. ನಾನು ಅವರ ಕಿವಿಯಲ್ಲಿ, “ಹಸಿರು ಬಂದ್ರ ಹಾಲಿಲ್ಲ, ತತ್ತಿ ಇಲ್ಲರಿ ಅತ್ತಿ” ಎಂದೆ.

“ಅಯ್ಯ ಇಕಿನ! ಹತ್ತನೇ ತನಕ ಸಾಲಿ ಕಲತಾಕಿ, ಮೊದಲ ಬಿಡಿಸಿ ಹೇಳಾಕ ಬರೂದಿಲ್ಲೇನ?” ಎಂದವರೇ ಉಡದಾರ, ಕಡಗ, ತಾಯತ, ಕುಂಚಿಗೆ ಒಂದೊಂದಾಗಿ ಬಿಚ್ಚಿದರು. “ತೂಗ್ರಿ.”

ಅಕ್ಕೋರು ತೂಗಿದರು. “ಒಂದು ಕೂದಲೆಳಿ ಮ್ಯಾಲ ಐತ್ರಿ, ಇನ್ನೂ ಹಸಿರ.”

ಬೆಳ್ಳಿಯನ್ನು ಬಿಚ್ಚಬಹುದು, ಕುಡಿದ ಹಾಲನ್ನು ಬಿಚ್ಚುವುದು ಹೇಗೆ? ಮೇಡಂ, “ಇರಲಿ ಬಿಡ್ರಿ, ಮುಂದಿನ ಸಲ ನೋಡೂಣು” ಎಂದು ಮಗುವನ್ನು ತಕ್ಕಡಿಯಿಂದ ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡರು. ಮಗಳು ಅವರ ಮುಖ ನೋಡಿ ನಕ್ಕಳು. ನಕ್ಕು, ಇಸ್ತ್ರಿ ಮಾಡಿದ ಆ ಸೀರೆಯ ಮೇಲೆ ಧಾರಾಳವಾಗಿ ಉಚ್ಚಿ ಹೊಯ್ದಳು.

ನಾನು ನಾಚಿ ನೆಲ ನೋಡಿದೆ. ಅತ್ತೆ ಮಾತ್ರ ಹಾರಿ ಎದ್ದರು. “ಒರಸ್ಕೋತ ಕೂಡಬ್ಯಾಡ್ರಿ ಮೇಡಮ್ಮಾರ! ಆಕಿ ಮತ್ತೇನರ ಕುಡಿಯೂದ್ರಾಗ ಮೊದಲ ತೂಗ್ರಿ!”

ಮೇಡಂ ನಗು ತಡೆಯಲಾರದೆ ಮತ್ತೆ ತೂಗಿಸಿದರು. ಹಳದಿ! ಹೆಸರು ಬರೆದರು.

ಮೊಮ್ಮಗಳ ತೂಕ ಕಡಿಮೆ ಬಂತೆಂದು ಓಣಿಯ ತುಂಬ ಸಕ್ಕರೆ ಹಂಚಿದ ಅಜ್ಜಿ ಜಗತ್ತಿನಲ್ಲಿ ನಮ್ಮ ಅತ್ತೆ ಒಬ್ಬರೇ ಇರಬೇಕು.