ಗೇಟಿನ ಮುಂದಿನ ಬಂಗುಡೆ ಮತ್ತು ಪಂಚಾಯತಿಯ ತಕ್ಕಡಿ

ಬೀಜಾಡಿಯಲ್ಲಿ ನಾಲ್ಕು ತಲೆಮಾರಿನಿಂದ ನಮ್ಮ ಮನೆಯತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿ ಬಂದವಳು. ಆದರೂ ಇಂಥದ್ದೆಲ್ಲ ನಮ್ಮ ಗೇಟಿನ ಮುಂದೆಯೇ ಏಕೆ ನಡೆಯುತ್ತದೆ ಎಂದು ನನಗೆ ಬಹಳ ಅನುಮಾನ.

೧. ಗೆರೆ

ಎದುರುಮನೆಯ ಮೀನು ಮಾರುವಾಕೆ ಓಣಿಯಲ್ಲಿ ಬಲೆ ಹಾಸಿ ಬಂಗುಡೆ ಒಣಗಿಸುತ್ತಾಳೆ. ಬಲೆ ದಿನಕ್ಕೊಂದು ಗೇಣು ನಮ್ಮತ್ತ ಸರಿಯುತ್ತಿದೆ ಎನಿಸಿ ಸುಣ್ಣದ ಗೆರೆ ಎಳೆಸಿದೆ. ಮರುದಿನ ಮೀನುಗಳೆಲ್ಲ ಗೆರೆಗೆ ತಲೆ ಕೊಟ್ಟು ನೆಟ್ಟಗೆ ಮಲಗಿದ್ದವು.

"ಗೆರೆ ಎಳ್ದ್ ಕೊಟ್ಟದ್ ಲಾಯ್ಕಾಯ್ತ್ ಅಮ್ಮ, ಈಗ ಸಾಲ್ ಸಮ ಬತ್ತ್!" ಎಂದಳು.

೨. ತೂಕ

ಭಾನುವಾರ ಸಂಜೆ ನಾಲ್ಕಕ್ಕೆ ಮಗಳನ್ನು ನೋಡಲು ಬ್ರಹ್ಮಾವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಆ ವಾಸನೆಗೆ ಸಂಬಂಧ ತಪ್ಪಿದರೆ? ಓಣಿ ತೆರವು ಮಾಡಿಸಿ ಎಂದು ಪಂಚಾಯತಿಗೆ ಅರ್ಜಿ ಕೊಟ್ಟೆ.

ಅಧ್ಯಕ್ಷರು ಬಂದು ನೋಡಿದರು. "ಕಾನೂನ್ ಅಂದ್ರೆ ಬರೀ ಪುಸ್ತಕ ಅಲ್ಲ ಅಕ್ಕ, ಜನರ ಬದುಕೂ ಕಾಣ್ಕ್. ನಿಮ್ಗೆ ದಾರಿ, ಅವ್ಳಿಗೆ ಹೊಟ್ಟೆಪಾಡು. ಎರಡನ್ನೂ ತೂಗ್ಕ್."

ಹಾಗೆ ಎರಡನ್ನೂ ತೂಗಿ ನೋಡಿ, ಮಧ್ಯಾಹ್ನದವರೆಗೆ ಓಣಿ ಮೀನಿಗೆ, ಆಮೇಲೆ ನಮಗೆ ಎಂದು ತೀರ್ಪಾಯಿತು. ಹೊರಟಾಗ ಅವರ ಸ್ಕೂಟರಿನಲ್ಲಿ ಪ್ಲಾಸ್ಟಿಕ್ ತೊಟ್ಟೆಯೊಂದು ನೇತಾಡುತ್ತಿತ್ತು.

"ಎಂತ ಅದು?"

"ತರಕಾರಿ ಅಕ್ಕ."

ತರಕಾರಿಗೆ ಬಾಲ ಇರುವುದನ್ನು ನಾನು ಅಂದೇ ಮೊದಲು ನೋಡಿದ್ದು.

೩. ಒಪ್ಪಿಗೆ

ನಾಲ್ಕಕ್ಕೆ ಬರಬೇಕಾದವರು ಹನ್ನೊಂದಕ್ಕೇ ಬಂದರು, ಮೀನಿನ ಹೊತ್ತಿನಲ್ಲಿ! ಕಾರು ಓಣಿಯ ಬಾಯಲ್ಲೇ ನಿಂತಿತು. ಇಳಿದ ಗಂಡಿನ ತಾಯಿ ಮೂಗು ಮುಚ್ಚಲಿಲ್ಲ, ಬಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಕಿಟಕಿಯಿಂದ ನೋಡುತ್ತಲೇ ಇದ್ದೆ. ಅರ್ಧ ಗಂಟೆ ಇಬ್ಬರೂ ಪಿಸುಗುಟ್ಟಿದರು. ನನ್ನ ಅರ್ಜಿಯ ವಿಷಯವೇ ಇರಬೇಕು.

ಒಳಗೆ ಬಂದವರ ಕೈಯಲ್ಲಿ ದೊಡ್ಡ ಪೊಟ್ಟಣ. ಮಗಳು ತಂದ ಕಾಫಿ ಕುಡಿದು ಹೇಳಿದರು: "ಹುಡುಗಿ ಒಪ್ಪಿಗೆ. ಮುಂಬೈಲಿ ಇಪ್ಪತ್ ವರ್ಷ ಇದ್ದೆ, ಇಂಥಾ ಒಣಮೀನ್ ಎಲ್ಲೂ ಕಾಣ್ಲಿಲ್ಲ. ಆದ್ರೆ ಒಂದ್ ಮಾತ್, ಆ ಅರ್ಜಿ ವಾಪಸ್ ತಕಣಿ."

ಮಗಳ ಮುಖ ನೋಡಿದೆ. ಸೋಮವಾರವೇ ಅರ್ಜಿ ವಾಪಸು ಪಡೆದೆ. ಅಧ್ಯಕ್ಷರು ತುಂಬಿದ ಸಭೆಯಲ್ಲಿ ಎದ್ದು ನಿಂತು ನಿರ್ಣಯ ಓದಿದರು: "ಅರ್ಜಿದಾರರ ಮಗಳ ಮದುವೆಯ ಹಿತದೃಷ್ಟಿಯಿಂದ ಓಣಿಯಲ್ಲಿ ದಿನವಿಡೀ ಬಂಗುಡೆ ಒಣಗಿಸತಕ್ಕದ್ದು."

ಸಭೆ ಚಪ್ಪಾಳೆ ತಟ್ಟಿತು. ಮಗಳ ಮದುವೆಯನ್ನು ಬಂಗುಡೆಗೆ ಗಂಟು ಹಾಕಿದ್ದಕ್ಕೆ ಅಧ್ಯಕ್ಷರು ನನ್ನ ಕ್ಷಮೆ ಕೇಳಬೇಕು. ಬರವಣಿಗೆಯಲ್ಲಿ.