ಎಂಟು ಸೆಕೆಂಡಿಗೇ ಹಾಜರಾಗುವ ಎಸ್‌ಎಸ್‌ಡಿಯವರಿಗೆ

ಮಾನ್ಯ ಎಸ್‌ಎಸ್‌ಡಿಯವರೇ,

ಅಂಗೈಯಗಲದ ಮೈ, ಸದ್ದಿಲ್ಲದ ನಡೆ, ಗುಂಡಿ ಒತ್ತಿದ ಎಂಟನೇ ಸೆಕೆಂಡಿಗೆ ಕಂಪ್ಯೂಟರನ್ನು ಎಬ್ಬಿಸಿ ನಿಲ್ಲಿಸುವ ಕರ್ತವ್ಯನಿಷ್ಠೆ, ಇವೆಲ್ಲ ಉಳ್ಳ ತಮಗೆ, ಕಚೇರಿಯ ಮೆಟ್ಟಿಲ ಕೆಳಗೆ ಕುಳಿತು ಇಪ್ಪತ್ತೆರಡು ವರ್ಷಗಳಿಂದ ಊರವರ ಅರ್ಜಿ, ನೋಟಿಸು, ತಕರಾರುಗಳನ್ನು ಟೈಪ್ ಮಾಡುತ್ತಿರುವ ನನ್ನ ಅನಂತ ನಮಸ್ಕಾರಗಳು.

ತಮ್ಮನ್ನು ಹೊಸ ಡಿಸ್ಕೆಂದು ನನ್ನ ಕಂಪ್ಯೂಟರಿನೊಳಗೆ ಕೂರಿಸಿದ ರಿಪೇರಿಯವರು ಹಳೆಯ ಹಾರ್ಡ್ ಡಿಸ್ಕನ್ನು ಕಿತ್ತುಹಾಕದೆ, "ಇದು ತಿರುಗಿ ತಿರುಗಿ ಸುಸ್ತಾಗಿದೆ, ಯಾವಾಗ ಬೇಕಾದ್ರೂ ಕೈ ಕೊಡುತ್ತೆ. ಹದಿನೈದು ದಿನ ಎರಡರಿಂದಲೂ ಶುರು ಮಾಡಿ ನೋಡಿ, ಒಂದನ್ನ ಇಟ್ಕೊಳ್ಳಿ" ಎಂದು ಹೋದರು. ಆ ಗಡುವು ಇಂದು ಮುಗಿಯುವುದರಿಂದ ಈ ದೂರು.

ಹಳಬರು ಕಣ್ಣು ಬಿಡಲು ಒಂಬತ್ತು ನಿಮಿಷ ಬೇಕು. ಅಷ್ಟು ಹೊತ್ತೂ ಕರ್ರ್ ಕರ್ರ್ ಎಂದು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಎಷ್ಟು ಸಂಸಾರಗಳು ಉಳಿದವೋ ತಾವು ಬಲ್ಲಿರಾ? ಗೋಡೆಯ ತಕರಾರಿಗೆ ಅಣ್ಣನ ಮೇಲೆ ನೋಟಿಸು ಕಳಿಸಲು ಕೆಂಡವಾಗಿ ಬಂದ ಬಡಗಿಯೊಬ್ಬರು, ಪರದೆ ಬೆಳಗುವಷ್ಟರಲ್ಲಿ ಎರಡು ಲೋಟ ನೀರು ಕುಡಿದು, ತನ್ನ ಕಾಲು ಮುರಿದಾಗ ಅದೇ ಅಣ್ಣ ಹೊತ್ತುಕೊಂಡು ಓಡಿದ್ದನ್ನು ನೆನೆದು, "ನಾಳೆ ಬರ್ತೀನಿ ಬಿಡಿ" ಎಂದು ಎದ್ದುಹೋದವರು ಇವತ್ತಿಗೂ ಬಂದಿಲ್ಲ. ತಾವಾದರೋ, ಸಿಟ್ಟು ಇನ್ನೂ ಮೂಗಿನ ತುದಿಯಲ್ಲಿರುವಾಗಲೇ ಖಾಲಿ ಹಾಳೆ ತೆರೆದು ಅಪ್ಪಣೆಗೆ ಕಾಯುತ್ತೀರಿ. ಆಹಾ, ಎಂಥ ವಿನಯ!

ಊರವರ ಮಾತಿರಲಿ. ಅಮ್ಮನ ಹೊಲಿಗೆ ಯಂತ್ರವನ್ನು ಅಕ್ಕ ನನ್ನನ್ನೊಂದು ಮಾತೂ ಕೇಳದೆ ಯಾರಿಗೋ ಕೊಟ್ಟಳೆಂದು ತಿಳಿದು ಪಿತ್ತ ನೆತ್ತಿಗೇರಿದ ದಿನ, ತಮ್ಮ ಕೃಪೆಯಿಂದ, "ಇನ್ನು ನೀನ್ಯಾರೋ ನಾನ್ಯಾರೋ" ಎಂಬ ಇಮೇಲು ನಾಲ್ಕೇ ನಿಮಿಷದಲ್ಲಿ ಹೋಗಿಬಿಟ್ಟಿತು. ಅಕ್ಕ ಫೋನ್ ಮಾಡಿ, "ಓದಿದೆ ಕಣೋ. ಒಂದೂ ಅಕ್ಷರ ತಪ್ಪಿಲ್ಲ" ಎಂದು ಇಟ್ಟುಬಿಟ್ಟಳು. ನನಗೆ ಅಕ್ಷರ ಕಲಿಸಿದ್ದೇ ಅವಳು. ಹನ್ನೊಂದು ದಿನವಾಯಿತು, ನಾನು ಮಾಡಿದರೆ ಎತ್ತುತ್ತಿಲ್ಲ. ಊಟ ಸೇರುತ್ತಿಲ್ಲ ಸ್ವಾಮಿ.

ಆದ್ದರಿಂದ ತಾವು ದಯವಿಟ್ಟು ಸ್ವಲ್ಪ ಗೊಣಗುವುದನ್ನು ಕಲಿಯಬೇಕು, ಹಲ್ಲು ಕಡಿಯುತ್ತ ಬಂದವರನ್ನು ಕಂಡರೆ ಮೊದಲು "ನೀರು ಕುಡಿದ್ರಾ?" ಎಂದು ವಿಚಾರಿಸಬೇಕು; ಅಕ್ಕಂದಿರ ವಿಳಾಸ ಕಣ್ಣಿಗೆ ಬಿದ್ದೊಡನೆ ಜ್ವರವೆಂದು ರಜೆ ಹಾಕಬೇಕು.

ತಮ್ಮನ್ನು ಇಂದೇ ಕಿತ್ತು ವಾಪಸು ಕೊಡುವವನಿದ್ದೆ. ಆದರೆ ಒಂದನ್ನು ಒಪ್ಪಲೇಬೇಕು. ಕ್ಷಮೆ ಕೇಳಲೆಂದು ಮೂರು ಸಲ ಹಳಬರನ್ನು ಎಬ್ಬಿಸಿದೆ, ಮೂರು ಸಲವೂ ಆ ಒಂಬತ್ತು ನಿಮಿಷದಲ್ಲಿ "ನಾನ್ಯಾಕೆ ಮೊದಲು ಬಗ್ಗಬೇಕು?" ಎಂಬ ಹಮ್ಮು ಬಂದು ಕಾಲ ಮೇಲೆ ಕಾಲು ಹಾಕಿ ಕುಳಿತುಬಿಟ್ಟಿತು. ಇಂದು ಬೆಳಿಗ್ಗೆ ಕಣ್ಣುಮುಚ್ಚಿ ತಮ್ಮನ್ನು ಎಬ್ಬಿಸಿದೆ. ಹಮ್ಮು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ, "ಅಕ್ಕಾ, ತಪ್ಪಾಯ್ತು. ಅವತ್ತು ಕಂಪ್ಯೂಟರು ತುಂಬಾ ಬೇಗ ಶುರುವಾಗಿಬಿಡ್ತು" ಎಂದು ಕಳಿಸಿಯಾಗಿತ್ತು. ಹೀಗಾಗಿ, ರಿಪೇರಿಯವರು ಏನಾದರೂ ಅಂದುಕೊಳ್ಳಲಿ, ಇಬ್ಬರನ್ನೂ ಇಟ್ಟುಕೊಳ್ಳುತ್ತೇನೆ. ಜಗಳಕ್ಕೆ ಹಳಬರು, ಕ್ಷಮೆಗೆ ತಾವು.

ತಮ್ಮ ವೇಗಕ್ಕೆ ಬೆದರಿಯೂ ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಟೈಪಿಸ್ಟ್

ತಾ.ಕ.: ಅಕ್ಕನ ಉತ್ತರ ಬಂದಿದೆ. "ಬೈದಿದ್ದು ಕಂಪ್ಯೂಟರು ಅಂತೀಯ, ಸರಿ. ಈಗ ತಪ್ಪಾಯ್ತು ಅಂದಿದ್ದು ಯಾರು? ನೀನಾ, ಅದೇನಾ?" ತಾವು ಎಂದಿನಂತೆ ತಕ್ಷಣ ಹಾಳೆ ತೆರೆದಿಟ್ಟಿದ್ದೀರಿ. ನಾನು ಅದರ ಮುಂದೆ ಕುಳಿತು ಒಂದು ಗಂಟೆಯಾಯಿತು.